ನೀಲಗಂಗಾ ಬೆಪ್ಪುವಿಗೆ ಹೋಗುವ, ಅಥವಾ ಹೋಗದ, ಕಥೆ

೧

ಈ ಕಥೆಯನ್ನು ಜಪಾನಿನಿಂದ ಶುರು ಮಾಡಬೇಕೋ, ಮಿಶಿಗನ್ನಿನ ಕ್ಯಾಂಟನ್‌ನಿಂದಲೋ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಬೆಪ್ಪು ಎಂಬುದು ಬಿಸಿನೀರ ಬುಗ್ಗೆಗಳ ಊರು. (ಹೌದು, ಹೆಸರೇ ಬೆಪ್ಪು. ನಗುವವರು ಈಗಲೇ ನಕ್ಕು ಮುಗಿಸಿ, ಮುಂದೆ ಕೆಲಸವಿದೆ.) ಅಲ್ಲಿಗೆ ಕ್ಯಾಂಟನ್‌ನ ನೀಲಗಂಗಾಳನ್ನು ಕರೆದೊಯ್ಯಬೇಕು. ಆಕೆಗೆ ಮೊಣಕಾಲು ನೋವು. ಮಗ ವಿವೇಕ ಪಕ್ಕದ ಪ್ಲಿಮತ್‌ನ ಜಪಾನಿ ಆಟೋ ಕಂಪನಿಯೊಂದರಲ್ಲಿ ಎಂಜಿನಿಯರ್. ಆಫೀಸಿನ ಕೆಲಸದ ಮೇಲೆ ಜಪಾನಿಗೆ ಹೊರಟಿದ್ದಾನೆ, ಅವ್ವನನ್ನೂ ಕರೆದುಕೊಂಡು ಹೋಗುವ ಆಸೆ. ಸರಳ ಕಥೆ ಎಂದುಕೊಂಡಿದ್ದೆ.

೨

ಮೊದಲ ಕರಡು. ನೀಲಗಂಗಾ ಬಿಸಿನೀರ ಕೊಳದ ಬಾಗಿಲಲ್ಲಿ ನಿಂತಿದ್ದಾಳೆ. ಮೈಮೇಲೆ ಒಂದು ನೂಲೂ ಇರದಂತೆ ಇಳಿಯಬೇಕು ಎಂದು ಬರೆದೆನೋ ಇಲ್ಲವೋ, ಆಕೆ ಕಥೆಯಿಂದ ಕತ್ತು ಹೊರಹಾಕಿದಳು.

“ಸೀರಿ ಬಿಚ್ಚೋದು ಆಮ್ಯಾಲಿನ ಮಾತು. ಕೊಳ್ಳಾಗಿನ ಲಿಂಗ ನಾ ಯಾವಾಗರ ತಗದೀನೇನು?”

“ಇಲ್ಲ ಆಂಟಿ.”

“ಮತ್ತ? ಅಳಿಸು.”

ಅಳಿಸಿದೆ.

೪

(ಮೂರನೆಯದು ನಿಮಗೆ ತೋರಿಸುವಂತಿರಲಿಲ್ಲ.)

ನರಕಗಳನ್ನಾದರೂ ತೋರಿಸೋಣ ಎಂದುಕೊಂಡೆ. ಬೆಪ್ಪುವಿನ ಕುದಿಯುವ ಕೊಳಗಳಿಗೆ ನರಕವೆಂದೇ ಹೆಸರು. ಒಂದು ನೀಲಿ, ಒಂದು ರಕ್ತಗೆಂಪು. ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ.

“ನರಕಕ್ಕೂ ಟಿಕೆಟ್ಟೇನು!” ನೀಲಗಂಗಾ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತುಹೋಯಿತು. “ಬೆಂಕಿ, ಹೊಗಿ ನೋಡಿದ್ದು ಸಾಕಾಗೇತಿ. ನಾ ಒಲ್ಲೆ.”

ಯಾಕೆಂದು ನನಗೆ ಗೊತ್ತಿರಲಿಲ್ಲ. (ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬಿದವರು ಪಾಪ.)

೫

ಆಕೆಯನ್ನು ಕ್ಯಾಂಟನ್‌ನ ಸೋಫಾಕ್ಕೇ ವಾಪಸ್ ತಂದು ಕೂರಿಸಿದೆ. ವಿವೇಕ ಟಿವಿಯಲ್ಲಿ ಬೆಪ್ಪುವಿನ ವಿಡಿಯೋ ಹಾಕಿದ. ಮರಳು ಸ್ನಾನ. ಹತ್ತಿಯ ನಿಲುವಂಗಿ ತೊಟ್ಟು ಜನ ಮಲಗುತ್ತಾರೆ. ಕೆಲಸದವರು ಸಲಿಕೆಯಿಂದ ಬಿಸಿ ಮರಳನ್ನು ಕುತ್ತಿಗೆಯವರೆಗೆ ಹೊದಿಸುತ್ತಾರೆ.

“ಅವ್ವ, ಇದ್ರಲ್ಲಿ ಲಿಂಗ ತೆಗೀಬೇಕಾಗಿಲ್ಲ. ಇಟ್ಸ್ ಪರ್ಫೆಕ್ಟ್ ಫಾರ್ ಯು!”

ಮತ್ತೊಮ್ಮೆ ಹಾಕು ಎಂದಳು. ಹಾಕಿದ.

“ನಿಮ್ಮಪ್ಪಗ ಹಿಂಗ ಮಣ್ಣು ಕೊಡಬೇಕಾಗಿತ್ತು, ವಿವೇಕ.”

ಇದು ನಾನು ಬರೆದ ಮಾತಲ್ಲ. ತಡೆಯಿರಿ, ಹೇಳುತ್ತೇನೆ.

ನೀಲಗಂಗಾಳ ಗಂಡ ಗುರುಶಾಂತಪ್ಪ ತೀರಿಕೊಂಡು ಮೂರು ವರ್ಷ. ಅಂದು ಹತ್ತಿರದ ಲಿವೋನಿಯಾದ ಫ್ಯೂನರಲ್ ಹೋಮ್‌ನಲ್ಲಿ “ಯಾವ ಧರ್ಮ?” ಎಂದರು. ವಿವೇಕ ಹಿಂದೂ ಎಂದ. “ಹಾಗಾದರೆ ಕ್ರಿಮೇಶನ್?” ಎಂದರು. ತಲೆಯಾಡಿಸಿದ. ಮೂರನೇ ವಯಸ್ಸಿಗೆ ಈ ದೇಶಕ್ಕೆ ಬಂದವನು. ಅವನು ಯಾರ ಯಾರ ಅಂತ್ಯಕ್ರಿಯೆಗೆ ಹೋಗಿದ್ದನೋ ಆ ಅಂಕಲ್‌ಗಳನ್ನೆಲ್ಲ ಸುಟ್ಟಿದ್ದರು. ಲಿಂಗವಂತರು ಹೂಳುತ್ತಾರೆ ಎಂದು ಅವನಿಗೆ ಹೇಳುವ ಪ್ರಸಂಗವೇ ಬಂದಿರಲಿಲ್ಲ, ಮನೆಯಲ್ಲಿ ಅದುವರೆಗೆ ಯಾರೂ ಸತ್ತಿರಲಿಲ್ಲ. ಹಿಂದೂಗಳಿಗೆ ಇಲ್ಲಿ ಇದೇ ಕಾನೂನೇನೋ ಎಂದು ನೀಲಗಂಗಾ ಬಾಯಿ ಮುಚ್ಚಿಕೊಂಡಳು. ಹಾಗಲ್ಲ ಎಂದು ತಿಳಿಯುವ ಹೊತ್ತಿಗೆ ಬೂದಿ ಕೈಗೆ ಬಂದಿತ್ತು. ಮಗನಿಗೆ ಏನೂ ಹೇಳಲಿಲ್ಲ.

“ವೈ ಡಿಡಂಟ್ ಯು ಟೆಲ್ ಮಿ, ಅವ್ವ?” ವಿವೇಕ ವಿಡಿಯೋ ನಿಲ್ಲಿಸಿದ.

“ಹೇಳಿದ್ರ ನೀ ಉಣ್ತಿದ್ದೇನು, ಮಲಗ್ತಿದ್ದೇನು? ಹೋಗ್ಲಿ ಬಿಡು. ನನಗರ ಮಣ್ಣು ಕೊಡು. ಅಷ್ಟ ಕೇಳ್ತೀನಿ.”

೬

ಈಗ ಮುಗಿಸುವುದು ಹೇಗೆ? ಮೂರು ದಾರಿ ಕಾಣುತ್ತಿವೆ.

ಅ. ವಿವೇಕ ಮಾತು ಕೊಡುತ್ತಾನೆ. ನೀವು ಕಣ್ಣೊರೆಸಿಕೊಳ್ಳುತ್ತೀರಿ. (ಬರೆದು ನನಗೇ ನಾಚಿಕೆಯಾಯಿತು. ವಿವೇಕನೂ ಒಪ್ಪಲಿಲ್ಲ. “ಅಪ್ಪಂಗೆ ಹಾಗೆ ಮಾಡಿ, ಈಗ ಯಾವ ಮುಖ ಇಟ್ಕೊಂಡು ಪ್ರಾಮಿಸ್ ಮಾಡ್ಲಿ?” ಎಂದ.)

ಆ. ಇಬ್ಬರೂ ಬೆಪ್ಪುವಿಗೆ ಹೋಗುವುದೇ ಇಲ್ಲ. (ನೀಲಗಂಗಾ ನನ್ನ ಮೇಲೆ ಹರಿಹಾಯ್ದಳು: “ಮೊಣಕಾಲು ನಿನಗ ನೋಯ್ತಾವೇನು? ಟಿಕೆಟ್ ತಗಸು!”)

ಇ. ಬೆಪ್ಪು. ನೀಲಗಂಗಾ ಮರಳಿನ ಗುಳಿಯಲ್ಲಿ ಮಲಗಿ ಕಣ್ಣು ಮುಚ್ಚಿದ್ದಾಳೆ, ಕೈ ಎದೆಯ ಲಿಂಗದ ಮೇಲೆ. ಕೆಲಸದಾಕೆ ಸಲಿಕೆ ಎತ್ತುವಾಗ ವಿವೇಕ ಕೈ ಚಾಚುತ್ತಾನೆ. ಕೆಲಸದಾಕೆ ನಕ್ಕು ಸಲಿಕೆ ಕೊಟ್ಟುಬಿಡುತ್ತಾಳೆ. (ಅಲ್ಲಿ ಹಾಗೆ ಕೊಡುತ್ತಾರೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ.) ಅವನು ಸಲಿಕೆ ತುಂಬಿದ. ಎತ್ತಿದ. ಹಾಕಲಾರ, ಇಳಿಸಲಾರ.

ಹಾಕಿದ ಎಂದು ಬರೆಯಲು ನನಗೂ ಕೈ ಬರುತ್ತಿಲ್ಲ. ಬದುಕಿರುವ ಅವ್ವ. ಹಾಕಲಿಲ್ಲ ಎಂದರೆ ಮಣ್ಣು ಕೊಡು ಎಂದ ಅವ್ವನ ಮಾತನ್ನೂ ಮೀರಿದಂತೆ. ನಿಮಗೇನಾದರೂ ಹೊಳೆದರೆ ಹೇಳಿ, ಬೇಗ, ಮರಳು ಆರುತ್ತಿದೆ.

ನೀಲಗಂಗಾ ಒಂದು ಕಣ್ಣು ತೆರೆದು ನೋಡಿದಳು. ಮಗನನ್ನೋ, ನನ್ನನ್ನೋ.

“ಹಾಕೋ. ನಾ ಇನ್ನೂ ಅದೀನಲ್ಲ, ತಪ್ಪಿದ್ರ ಹೇಳ್ತೀನಿ.”