ಮಗ್ಗ ಮುಟ್ಟಬಾರದ ದಿನ

ಇನ್ನೊಂದು ಗೇಣು ನೇಯ್ದರೆ ಮದುವೆಯ ಮುಸುಕು ಮುಗಿಯುತ್ತಿತ್ತು. ಬರುವ ಹುಣ್ಣಿಮೆಗೇ ಮದುವೆ. ಮೆಲಿನ್ನ ಎದ್ದವಳೇ ಮುಖವನ್ನೂ ತೊಳೆಯದೆ ಮಗ್ಗದ ಮುಂದೆ ನಿಂತಿದ್ದಳು. ಒಲೆಯ ಹತ್ತಿರ ಬಾರ್ಲಿ ರೊಟ್ಟಿ ತಟ್ಟುತ್ತಿದ್ದ ತಾಯಿ ನಿಕಾರೆತೆಗೆ ಸದ್ದು ಕೇಳಿಸುತ್ತಲೇ ಇತ್ತು. ಇಳಿಬಿದ್ದ ನೂಲುಗಳ ತುದಿಗೆ ಕಟ್ಟಿದ ಮಣ್ಣಿನ ಗುಂಡುಗಳು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ಇವತ್ತು ಬೇಡ ಮಗಳೇ ಅನ್ನಬೇಕಿತ್ತು. ಅನ್ನಲಿಲ್ಲ.

ಒರ್ಖೊಮೆನೊಸ್ ಊರಿನಲ್ಲಿ ಮಿನ್ಯಾಸ್ ದೊರೆಯ ವಂಶದ ಹೆಣ್ಣುಗಳು ಆ ದಿನ ಮಗ್ಗ ಮುಟ್ಟುವಂತಿರಲಿಲ್ಲ. ಹಿಂದೆ, ದ್ರಾಕ್ಷಾರಸದ ದೇವರಾದ ದಿಯೊನಿಸಸ್ ಬೆಟ್ಟಕ್ಕೆ ಬನ್ನಿ, ಕುಣಿಯಿರಿ ಎಂದು ಕರೆದಾಗ, ಆ ದೊರೆಯ ಮೂವರು ಹೆಣ್ಣುಮಕ್ಕಳು ನೇಯ್ಗೆ ಬಿಟ್ಟು ಬರುವುದಿಲ್ಲ ಎಂದಿದ್ದರಂತೆ. ಮಗ್ಗದ ಮೇಲೆ ಬಳ್ಳಿ ಹಬ್ಬಿತು, ನೂಲಿನಿಂದ ರಸ ತೊಟ್ಟಿಕ್ಕಿತು, ಮೂವರಿಗೂ ಹುಚ್ಚು ಹಿಡಿಯಿತು. ಯಾರ ಮಗುವನ್ನು ದೇವರಿಗೆ ಕೊಡುವುದೆಂದು ಮಡಕೆಯೊಳಗಿಂದ ಹರಳು ಎತ್ತಿದರು. ಹರಳು ಯಾರ ಪಾಲಿಗೆ ಬಂತೋ ಅವಳ ಮಗನನ್ನು ಮೂವರೂ ಸೇರಿ ಕೈಯಿಂದಲೇ ಹರಿದು ಹಾಕಿದರು. ಅಂದಿನಿಂದ ಆ ವಂಶದ ಹೆಣ್ಣುಗಳು ಹಬ್ಬದ ದಿನ ಓಡಬೇಕು, ದೇವರ ಪೂಜಾರಿ ಕತ್ತಿ ಹಿಡಿದು ಅಟ್ಟಬೇಕು. ಊರಾಚೆಯ ಚಿಲುಮೆಯ ನೀರು ಮುಟ್ಟಿದವಳು ಉಳಿದಳು. ದಾರಿಯಲ್ಲಿ ಸಿಕ್ಕವಳನ್ನು ಪೂಜಾರಿ ಕಡಿದರೂ ಕೇಳುವವರಿಲ್ಲ.

ಕಡಿದದ್ದನ್ನು ಕಂಡವರೂ ಇರಲಿಲ್ಲ. ಹಳೆಯ ಪೂಜಾರಿ ಪ್ರತಿ ವರ್ಷ ನಡುದಾರಿಯಲ್ಲಿ ತನ್ನ ನಿಲುವಂಗಿಯನ್ನು ತಾನೇ ತುಳಿದು ಮುಗ್ಗರಿಸುತ್ತಿದ್ದ. ಹೆಂಗಸರು ನಗುತ್ತ ನೀರಿಗಿಳಿಯುತ್ತಿದ್ದರು. ನಿಕಾರೆತೆ ಲೆಬಾದಿಯದಿಂದ ಸೊಸೆಯಾಗಿ ಬಂದವಳು, ಮಿನ್ಯಾಸ್ ರಕ್ತದವಳಲ್ಲ, ಓಡುವವಳೂ ಅಲ್ಲ. ಅವಳ ಕಣ್ಣಿಗೆ ಅದೊಂದು ಆಟವಾಗಿತ್ತು. ಆಟದ ದಿನ ಒಂದು ಗೇಣು ನೇಯ್ದರೆ ಏನಾದೀತು?

ಆದರೆ ಚಳಿಗಾಲದಲ್ಲಿ ಹಳೆಯ ಪೂಜಾರಿ ತೀರಿಕೊಂಡಿದ್ದ. ಅವನ ಮಗ ಕಾಫಿಸಿಯಸ್ ಈಗ ಪೂಜಾರಿ.

"ಏನೇ ನಿಕಾರೆತೆ, ರೊಟ್ಟಿ ಸೀಯ್ತಿದೆ, ಮೂಗು ಲೆಬಾದಿಯದಲ್ಲೇ ಬಿಟ್ಟು ಬಂದಿದ್ದೀಯಾ?" ಎನ್ನುತ್ತ ದಾಮತ್ರಿಯ ಒಳಗೆ ಬಂದಳು. ನಿಕಾರೆತೆಯ ಗಂಡನ ಅಕ್ಕ ಅವಳು. ಮಕ್ಕಳಿಲ್ಲದ ವಿಧವೆ, ದಪ್ಪ ಹೆಂಗಸು, ಮಂಡಿ ನೋವಿನವಳು. ಮೆಲಿನ್ನಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ಕೂತ್ಕೊಳ್ಳಿ ಅತ್ತಿಗೆ. ಈ ವರ್ಷವೂ ಓಡ್ತೀರಾ ಈ ಕಾಲಲ್ಲಿ?"

"ಓಡೋದೇನು ಬಂತು? ಅಂಜೂರದ ಮರದ ತನಕ ನಡೀತೀನಿ, ಅಲ್ಲಿ ಕಲ್ಲಿದೆಯಲ್ಲ, ಕೂತ್ಬಿಡ್ತೀನಿ. ಆ ಮುದುಕನಿಗೆ ಪ್ರತಿ ವರ್ಷ ಹೇಳ್ತಿದ್ದೆ, ಹಿಡಿದ್ರೆ ಮದುವೆ ಆಗ್ಬೇಕಾಗುತ್ತೆ ನೋಡು ಅಂತ. ಅದಕ್ಕೇ ಹೆದರಿ ಪಕ್ಕದಲ್ಲೇ ಓಡಿ ಹೋಗ್ತಿದ್ದ."

ಮೆಲಿನ್ನ ನಕ್ಕಳು. "ಅತ್ತೆ, ರಾತ್ರಿ ಊಟಕ್ಕೆ ಯಾವ ಒಗಟು ತಂದಿದ್ದೀರಿ?" ಓಟ ಮುಗಿದ ಮೇಲೆ ಹೆಂಗಸರು ಕೂತು ಉಣ್ಣುತ್ತ ಒಗಟು ಹಾಕುವುದು ವಾಡಿಕೆ.

"ಕೇಳು. ಬದುಕಿದ್ದಾಗ ಎಲ್ಲರೂ ಅದನ್ನ ತುಳೀತಾರೆ. ಸತ್ತ ಮೇಲೆ ಅದು ಎಲ್ಲರನ್ನೂ ಕೆಡವುತ್ತೆ. ಏನು?" ಅಷ್ಟರಲ್ಲಿ ಅವಳ ಕಣ್ಣು ಹುಡುಗಿಯ ಕೈಯಲ್ಲಿದ್ದ ನೂಲಿಗೆ ಬಿತ್ತು. ನಗು ಅಲ್ಲೇ ನಿಂತಿತು. "ಅಯ್ಯೋ, ಬಿಡೇ ಅದನ್ನ! ಇವತ್ತಾ?"

ಬಾಗಿಲಲ್ಲಿ ನೆರಳು ಬಿತ್ತು.

ಹಬ್ಬದ ಬೆಳಿಗ್ಗೆ ಓಡುವವರ ಮನೆಗೆಲ್ಲ ಹೋಗಿ ಐವಿ ಬಳ್ಳಿ ಕೊಡುವುದು ಪೂಜಾರಿಯ ಕೆಲಸ. ಕಾಫಿಸಿಯಸ್ ಯಾವಾಗ ಬಂದು ನಿಂತನೋ ಯಾರಿಗೂ ತಿಳಿಯಲಿಲ್ಲ. ತೆಳ್ಳಗಿನ ಹುಡುಗ, ನಿದ್ದೆಗೆಟ್ಟ ಕಣ್ಣು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಇನ್ನೂ ಸಣ್ಣಗೆ ಅಲುಗುತ್ತಿದ್ದ ಗುಂಡುಗಳ ಸದ್ದನ್ನು ಕೇಳುತ್ತಿದ್ದ.

"ಯಾರು ನೇಯ್ತಿದ್ದಿದ್ದು?"

"ನಾನು," ಎಂದಳು ನಿಕಾರೆತೆ. "ನಾನು ಹೊರಗಿನವಳಲ್ವಾ ಸ್ವಾಮಿ. ನಂಗೆ ಈ ಕಟ್ಟು ಇಲ್ಲ."

ಅವಳ ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಕಾಫಿಸಿಯಸ್ ಅದನ್ನು ನೋಡಿದ. ಮೆಲಿನ್ನಳ ಬಳಿ ಹೋಗಿ, ಅವಳ ಕೂದಲಿಗೆ ಸಿಕ್ಕಿದ್ದ ಉಣ್ಣೆಯ ಎಳೆಯೊಂದನ್ನು ಎರಡು ಬೆರಳಲ್ಲಿ ಮೆಲ್ಲಗೆ ತೆಗೆದ, ತಾಯಿ ತೆಗೆಯುವ ಹಾಗೆ. ಅದನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡು, ಅವಳ ಕೈಗೆ ಬಳ್ಳಿ ಕೊಟ್ಟ.

"ಸಂಜೆ ಬಾ," ಎಂದಷ್ಟೇ ಹೇಳಿ ಹೊರಟ.

"ಏನೋ ಕಾಫಿಸಿಯಾ, ನಂಗಿಲ್ವೇನೋ ಬಳ್ಳಿ?" ದಾಮತ್ರಿಯ ಕೂಗಿದಳು. "ನಿನ್ನ ತೊಟ್ಟಿಲು ತೂಗಿದವಳು ಕಣೋ ನಾನು!" ಅವನು ತಿರುಗಿ ಬಂದು ಅವಳಿಗೂ ಒಂದು ಎಳೆ ಕೊಟ್ಟ. ಅವಳ ಮುಖ ನೋಡಲಿಲ್ಲ.

ಮಧ್ಯಾಹ್ನ ನೀರಿಗೆ ಹೋದಾಗ ನಿಕಾರೆತೆಗೆ ಗುಡಿಯ ಹಿಂದಿನಿಂದ ಸಾಣೆಕಲ್ಲಿನ ಸದ್ದು ಕೇಳಿತು. ಇಷ್ಟು ವರ್ಷ ಮೊಂಡಾಗಿ, ತುಕ್ಕು ಹಿಡಿದು ಗುಡಿಯ ಗೋಡೆಗೆ ನೇತಾಡುತ್ತಿದ್ದ ಹಬ್ಬದ ಕತ್ತಿ ಅದು. ಸದ್ದಿಗೆ ಅವಸರವಿರಲಿಲ್ಲ. ಕೊಡ ತುಂಬಿ ಚೆಲ್ಲಿ ಕಾಲು ನೆನೆದರೂ ಅವಳಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಗಂಡ ಇಸ್ಮೇನಿಯಸ್ ಅಂಗಳದಲ್ಲಿ ಕೂತಿದ್ದ. ವಂಶದ ಗಂಡಸರು ಆ ದಿನ ಮೈಗೆ ಮಸಿ ಬಳಿದುಕೊಂಡು, ಕಪ್ಪು ಬಟ್ಟೆ ಹೊದ್ದು, ಹೆಂಗಸರು ಮರಳುವವರೆಗೆ ಏಳದೆ ಕೂರಬೇಕು.

"ರೀ, ಅವಳನ್ನ ಕಳಿಸೋದು ಬೇಡ."

"ಕಳಿಸದಿದ್ರೆ? ಬರಲ್ಲ ಅಂದವರ ಗತಿ ಏನಾಯ್ತು? ಅದಕ್ಕೇ ತಾನೇ ನಾನಿಲ್ಲಿ ಮಸಿ ಬಳ್ಕೊಂಡು ಕೂತಿರೋದು."

"ಕತ್ತಿ ಮಸೀತಿದ್ದಾನೆ ರೀ ಅವನು."

ಮಸಿಯ ನಡುವೆ ಗಂಡನ ಕಣ್ಣು ಬೆಳ್ಳಗೆ ಅಗಲವಾಯಿತು. ಎದ್ದೇಳಲು ನೆಲಕ್ಕೆ ಕೈಯೂರಿದ, ಮತ್ತೆ ಕೂತ. "ನಾನು ಎದ್ದರೆ ಅದೂ ತಪ್ಪೇ," ಎಂದ.

ಇಳಿಹೊತ್ತಿನಲ್ಲಿ ಹೆಂಗಸರು ಗುಡಿಯ ಮುಂದೆ ಸೇರಿದರು. ಕೊಪಾಯಿಸ್ ಕೆರೆಯ ಕಡೆಯಿಂದ ಜೊಂಡಿನ ವಾಸನೆ ಬರುತ್ತಿತ್ತು. ಮೊದಲು ದೇವರನ್ನು ಹುಡುಕುವ ಶಾಸ್ತ್ರ. ಪೊದೆಗಳಲ್ಲಿ ಇಣುಕಿ, ಹೆಸರು ಹಿಡಿದು ಕೂಗಿ, ಇಲ್ಲ, ಓಡಿಹೋದ ಎಂದರು. ಆಗ ಗುಡಿಯ ಬಾಗಿಲು ತೆರೆಯಿತು. ಕಾಫಿಸಿಯಸ್ ನಿಲುವಂಗಿಯನ್ನು ತೊಡೆಯವರೆಗೆ ಎತ್ತಿ ಕಟ್ಟಿದ್ದ. ಮುಗ್ಗರಿಸಲು ಅವನ ಕಾಲ ಬಳಿ ಬಟ್ಟೆಯೇ ಇರಲಿಲ್ಲ.

ಹೆಂಗಸರು ಅದನ್ನು ಕಂಡರು. ಯಾರೂ ನಗಲಿಲ್ಲ. ಓಡಿದರು.

ನೋಡುವವರ ಸಾಲಿನಲ್ಲಿದ್ದ ನಿಕಾರೆತೆ ಚಪ್ಪಲಿ ಕಳಚಿದಳು. ಹೊರಗಿನವಳ ಮೇಲೆ ಕತ್ತಿ ಎತ್ತಿದರೆ ಅದು ಹಬ್ಬವಲ್ಲ, ಕೊಲೆ. ಪೂಜಾರಿಗೂ ಅದರಿಂದ ಬಿಡುಗಡೆಯಿಲ್ಲ. ಮಧ್ಯಾಹ್ನದಿಂದ ಅವಳು ಯೋಚಿಸಿದ್ದು ಇದೊಂದನ್ನೇ. ಮಗಳ ಹಿಂದೆ, ಅವನ ಮುಂದೆ ಓಡಬೇಕು.

ಅವನು ಬೇರೆ ಯಾರನ್ನೂ ನೋಡಲಿಲ್ಲ. ಸಿಕ್ಕಿಬೀಳುವಷ್ಟು ಹತ್ತಿರದಲ್ಲಿದ್ದವರನ್ನು ದಾಟಿ ಮೆಲಿನ್ನಳ ಜಡೆಯ ಹಿಂದೆಯೇ ಬಂದ. ನಿಕಾರೆತೆ ದ್ರಾಕ್ಷಿ ತೋಟದ ಕಲ್ಲುಗೋಡೆ ಹತ್ತಿ ಇಳಿದು, ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಅವನಿಗೆ ಅಡ್ಡ ನಿಂತಳು. ಎರಡೂ ಕೈ ಚಾಚಿದಳು.

"ದಾರಿ ಬಿಡು ತಾಯಿ."

"ಬಿಡಲ್ಲ. ನನ್ನ ಮುಟ್ಟು ನೋಡೋಣ."

ಅವನು ಎಡಕ್ಕೆ ಸರಿದರೆ ಇವಳೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಅವನ ಉಸಿರಿನಲ್ಲಿ ನೀರು ಬೆರೆಸದ ದ್ರಾಕ್ಷಾರಸದ ಘಾಟಿತ್ತು. ಕಣ್ಣು ಮಾತ್ರ ನಿಚ್ಚಳವಾಗಿತ್ತು. ಅವಳಿಗೆ ಹೆದರಿಕೆಯಾದದ್ದು ಅದನ್ನು ಕಂಡೇ. ಹಿಂದೆ ದೂರದಲ್ಲಿ ನೀರು ಚಿಮ್ಮಿದ ಸದ್ದಾಯಿತು, "ಅಮ್ಮಾ!" ಎಂಬ ಕೂಗು ಕೇಳಿತು. ಮಗಳು ಚಿಲುಮೆ ಮುಟ್ಟಿದ್ದಳು. ನಿಕಾರೆತೆ ಚಾಚಿದ್ದ ಕೈ ಇಳಿಸಿದಳು.

ಆಗ ಅಂಜೂರದ ಮರದ ಕೆಳಗಿನಿಂದ, ಏದುಸಿರಿನ ನಡುವೆ, ಪ್ರತಿ ವರ್ಷದ ದನಿ ಕೇಳಿಸಿತು.

"ಲೋ ಕಾಫಿಸಿಯಾ! ಅಲ್ಲೇನೋ ಬಡಿದಾಡ್ತೀಯಾ? ಇಲ್ಲೊಬ್ಬಳು ಕೂತಿದ್ದೀನಲ್ಲೋ. ಹಿಡಿದ್ರೆ ಮದುವೆ ಆಗ್ಬೇಕಾಗುತ್ತೆ, ನೋಡ್ಕೋ!"

ಕಾಫಿಸಿಯಸ್ ತಲೆ ತಿರುಗಿಸಿದ.

"ಅತ್ತಿಗೇ, ಏಳಿ!" ನಿಕಾರೆತೆ ಕಿರುಚಿದಳು. ದಾಮತ್ರಿಯ ಕಲ್ಲಿನ ಮೇಲೆ ಕಾಲು ಚಾಚಿ ಮಂಡಿ ನೀವಿಕೊಳ್ಳುತ್ತಿದ್ದಳು. ಅವನು ಹತ್ತಿರ ಬಂದಾಗಲೂ ಅವಳ ಮುಖದಲ್ಲಿ ನಗು ಹಾಗೇ ಇತ್ತು. ಕತ್ತಿ ಒಂದೇ ಸಲ ಇಳಿಯಿತು.

ಆಮೇಲೆ ಅವನು ಅಲ್ಲೇ ನಿಂತ, ಬೆಳಿಗ್ಗೆ ಮಗ್ಗದ ಸದ್ದಿಗೆ ನಿಂತ ಹಾಗೆ, ತಲೆ ಒಂದು ಪಕ್ಕಕ್ಕೆ ವಾಲಿಸಿ. ಯಾರೋ ಏನೋ ಹೇಳುತ್ತಾರೆ ಎಂದು ಕಾಯುತ್ತಿದ್ದವನಂತೆ. ಮರದಲ್ಲಿ ಎಲೆಯೂ ಅಲುಗಲಿಲ್ಲ.

ಊಟಕ್ಕೆ ಯಾರೂ ಕೂರಲಿಲ್ಲ. ಒಗಟು ಕೇಳುವವಳೂ ಇರಲಿಲ್ಲ. ಶವವನ್ನು ಮನೆಗೆ ತಂದು ತೊಳೆದು ಮಲಗಿಸಿದ ಮೇಲೆ ಇಸ್ಮೇನಿಯಸ್ ಮುಖದ ಮಸಿ ತೊಳೆಯಲು ಹೋಗಿ, ತೊಳೆಯದೆ ಹಾಗೇ ಹೆಂಡತಿಯ ಎದುರು ಬಂದು ನಿಂತ.

"ನೀನು ಅಡ್ಡ ಹೋಗದಿದ್ದಿದ್ರೆ ಅಕ್ಕ..." ಎಂದ. ಅವನ ಕಣ್ಣು ಮೂಲೆಯತ್ತ ಹೋಯಿತು. ಅಲ್ಲಿ ಮಗಳಿದ್ದಳು. ಅವಳ ಕೂದಲಿನಿಂದ ಚಿಲುಮೆಯ ನೀರು ಇನ್ನೂ ಇಳಿಯುತ್ತಿತ್ತು.

ಆ ಮೂವರು ಅಕ್ಕತಂಗಿಯರ ಕಥೆ ಕೇಳುವಾಗಲೆಲ್ಲ ನಿಕಾರೆತೆಗೆ ಒಂದು ಪ್ರಶ್ನೆ ಬರುತ್ತಿತ್ತು, ಮಡಕೆಯೊಳಗೆ ಕೈ ಹಾಕಲು ಹೆತ್ತವಳಿಗೆ ಹೇಗೆ ಮನಸ್ಸು ಬಂತು ಎಂದು. ಈಗ ಗೊತ್ತಾಗಿತ್ತು. ಕೈ ಹಾಕುವಾಗ ಅದು ಮಡಕೆ ಎಂದು ತಿಳಿಯುವುದೇ ಇಲ್ಲ. ಮಗು ಉಳಿಯಲಿ ಎಂದಷ್ಟೇ ಇರುತ್ತದೆ.

"ಅಮ್ಮಾ," ಮೆಲಿನ್ನ ಅವಳ ಮಡಿಲಿಗೆ ತಲೆಯಿಟ್ಟು ಪಿಸುಗುಟ್ಟಿದಳು. "ಅತ್ತೆಯ ಒಗಟು... ಅದು ದ್ರಾಕ್ಷಿ ಅಲ್ವಾ?"

"ಹೂಂ ಕಂದ. ಮಲಗು."

"ಮುಂದಿನ ವರ್ಷವೂ ಓಡ್ಬೇಕಲ್ಲಮ್ಮಾ. ಮದುವೆ ಆದ್ರೂ."

"ಮಲಗು."

ಗಾಳಿಯೇ ಇರಲಿಲ್ಲ. ಆದರೂ ಮಗ್ಗದ ಕಡೆಯಿಂದ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಬೀದಿಯಲ್ಲಿ ಯಾರದೋ ಹೆಜ್ಜೆ ಬಾಗಿಲ ತನಕ ಬಂದು, ಆ ಸದ್ದಿಗೆ ಕಿವಿಗೊಟ್ಟಂತೆ ನಿಂತಿತು. ನಿಕಾರೆತೆ ಮಗಳ ತಲೆಯನ್ನು ಮೆಲ್ಲಗೆ ಕೆಳಗಿಳಿಸಿ, ಎದ್ದು ಹೋಗಿ, ಮಣ್ಣಿನ ಗುಂಡುಗಳನ್ನೆಲ್ಲ ಬಾಚಿ ಎದೆಗೆ ಅವಚಿಕೊಂಡು, ಅವು ಸದ್ದು ಮಾಡದಂತೆ ಹಿಡಿದು ನಿಂತಳು.