ನಾಲ್ಕು ಸಾಲು ಹೊಲಿಗೆ

ನನ್ನ ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿ ಒಂದು ಮೊಳೆ ಇದೆ. ಅದಕ್ಕೆ ಒಂದು ಮಗುವಿನ ಅಂಗಿ ತೂಗುಹಾಕಿದ್ದೇನೆ. ತಿಳಿಹಳದಿ ಬಣ್ಣದ ತೆಳು ಹತ್ತಿಬಟ್ಟೆ, ಕುತ್ತಿಗೆಗೆ ಬಿಳಿಯ ಪಟ್ಟಿ. ಎರಡೂ ಪಕ್ಕೆಗಳಲ್ಲಿ ಸೂಜಿ ಹಾದುಹೋದ ತೂತುಗಳು ನಾಲ್ಕು ನಾಲ್ಕು ಸಾಲು ಇವೆ; ದಾರ ಮಾತ್ರ ಇಲ್ಲ. ಹೊಸದಾಗಿ ಬಂದವರು "ಇದ್ಯಾಕೆ ಹಿಂಗಿದೆ?" ಎಂದು ಕೇಳುತ್ತಾರೆ, ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಆ ಅಂಗಿಯ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ.

ನಮ್ಮ ಊರಿನಲ್ಲಿ ವರ್ಷ ತುಂಬದ ಮಗುವಿನ ಮೈಗೆ ಟೇಪು ಮುಟ್ಟಿಸುವಂತಿರಲಿಲ್ಲ. ಅಳೆದರೆ ಬೆಳವಣಿಗೆ ಅಳೆದಲ್ಲಿಗೇ ನಿಂತುಬಿಡುತ್ತದೆ ಎಂದು ನಂಬಿಕೆ. ತಕ್ಕಡಿಯಲ್ಲಿ ಕೂರಿಸುವ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಹಾಗಾದರೆ ಅಂಗಿ ಹೊಲಿಯುವುದು ಹೇಗೆ? ತಿಂಗಳ ಮೇಲೆ. ನನಗೆ ಕೆಲಸ ಕಲಿಸಿದ ಸೋದರತ್ತೆ ರಟ್ಟಿನಲ್ಲಿ ಅಚ್ಚುಗಳನ್ನು ಕತ್ತರಿಸಿ ಇಟ್ಟಿದ್ದರು. ಒಂದು ತಿಂಗಳಿನದು, ಮೂರು ತಿಂಗಳಿನದು, ಆರರದು, ಒಂಬತ್ತರದು, ವರ್ಷದ್ದು. ಬಂದವರು ಮಗುವಿಗೆ ಎಷ್ಟು ತಿಂಗಳು ಎನ್ನುತ್ತಿದ್ದರು, ನಾನು ಅದರ ಮುಂದಿನ ಅಚ್ಚು ತೆಗೆಯುತ್ತಿದ್ದೆ. "ಬೆಳೆಯೋ ಮಗು, ಒಂದಳತೆ ದೊಡ್ಡದೇ ಇರಲಿ" ಎಂಬುದು ನಮ್ಮ ಕಸುಬಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಮಗುವನ್ನು ಯಾರೂ ಅಂಗಡಿಗೆ ಕರೆತರುತ್ತಿರಲಿಲ್ಲ, ನಾನೂ ಕರೆತನ್ನಿ ಎನ್ನುತ್ತಿರಲಿಲ್ಲ. ಕಣ್ಣಿನಿಂದ ನೋಡದ ಮೈಗೆ ಹೊಲಿದು ಸೈ ಎನಿಸಿಕೊಳ್ಳುವುದರಲ್ಲೇ ನನ್ನ ಹೆಮ್ಮೆ ಇತ್ತು.

ಸಾವಂತ್ರಮ್ಮನವರು ನನ್ನ ಹಳೆಯ ಗಿರಾಕಿ. ಎತ್ತರದ ಆಳು, ಗಟ್ಟಿ ಗಂಟಲು, ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯಲ್ಲಿ ಕೇಳಿಸಬೇಕು. ಅವರ ಒಬ್ಬನೇ ಮಗನಿಗೆ ಮದುವೆಯಾಗಿ ಆರು ವರ್ಷಗಳ ಮೇಲೆ ಹೆಣ್ಣುಮಗು ಹುಟ್ಟಿತು. ಭುವನೇಶ್ವರಿ ಎಂದು ಹೆಸರಿಟ್ಟರು. ಹೆಸರೂ ಒಂದಳತೆ ದೊಡ್ಡದೇ. ಸೊಸೆ ಕುಮುದ ತವರಿನಿಂದ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಬಂದ ಮಾರನೆಯ ದಿನವೇ ಅತ್ತೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು.

"ಆರು ತಿಂಗಳಿನ ಅಚ್ಚು ತೆಗಿ" ಎಂದರು. "ನನ್ನ ಮೊಮ್ಮಗಳು ಸೊರಗಿದ ಜಾತಿ ಅಲ್ಲ. ತೊಟ್ಟಿಲು ತುಂಬ ಮಲಗ್ತದೆ."

ಆ ಹಳದಿ ಅಂಗಿಯನ್ನು ನಾನು ಹೊಲಿದದ್ದು ಹೀಗೆ.

ಹದಿನೈದು ದಿನಕ್ಕೆ ಕುಮುದ ಬಂದಳು. ಊಟದ ನಂತರ ಬೀದಿ ಖಾಲಿಯಾಗುವ ಹೊತ್ತು. ಸೆರಗಿನ ಒಳಗಿನಿಂದ ಅದೇ ಅಂಗಿ ತೆಗೆದು ಮೇಜಿನ ಮೇಲಿಟ್ಟಳು.

"ಟೈಲರಮ್ಮ, ಇದನ್ನ ಸ್ವಲ್ಪ ಒಳಗೆ ಹಿಡಿದುಕೊಡ್ತೀರಾ? ಪಕ್ಕೆಗೆ ಒಂದೊಂದು ಬೆರಳು. ಬಟ್ಟೆ ಕತ್ತರಿಸಬೇಡಿ. ಒಳಗೇ ಇರಲಿ."

"ದೊಡ್ಡದಾಯ್ತಾ? ಬೆಳೆಯೋ ಮಗು ಕಣಮ್ಮ, ತಿಂಗಳು ತಡೆದರೆ ಸರಿಹೋಗ್ತದೆ."

"ಹೌದು. ಆದ್ರೂ ಈಗ ಮೈತುಂಬ ಕಾಣಲಿ ಅಂತ."

ಹಿಡಿದುಕೊಟ್ಟೆ. ಮತ್ತೆ ಹದಿನೈದು ದಿನಕ್ಕೆ ಬಂದಳು. ಅದೇ ಅಂಗಿ, ಮತ್ತೆ ಒಂದೊಂದು ಬೆರಳು. ಆಗ ನನಗೆ ಸಿಟ್ಟು ಬಂತು, ಬರಬಾರದ ಕಡೆಗೆ ಬಂತು.

"ನನ್ನ ಅಚ್ಚು ತಪ್ಪು ಅಂತೀಯಾ? ನಮ್ಮತ್ತೆ ಕಾಲದಿಂದ ಈ ಊರಿನ ಮಕ್ಕಳೆಲ್ಲ ಇದೇ ರಟ್ಟಿನಲ್ಲಿ ಬೆಳೆದಿರೋದು."

"ನಿಮ್ಮದೇನೂ ತಪ್ಪಿಲ್ಲ ಟೈಲರಮ್ಮ" ಎಂದಳು. ತಲೆ ಎತ್ತಲಿಲ್ಲ. ತೊಳೆದ ಬಟ್ಟೆಯ ಹಾಗೆ ಬಿಳಿಚಿಕೊಂಡಿದ್ದಳು. ಬಾಣಂತಿತನದ ಬಳಲಿಕೆ ಎಂದುಕೊಂಡೆ. ಎಂದುಕೊಳ್ಳುವುದಕ್ಕೇನು, ಕಾಸೇ ಕರಿಮಣಿಯೇ.

ಈ ನಡುವೆ ಸಾವಂತ್ರಮ್ಮನವರು ಇನ್ನೊಂದು ಕಡೆಯಿಂದ ಬರುತ್ತಿದ್ದರು. ಅನ್ನ ಮುಟ್ಟಿಸುವ ಶಾಸ್ತ್ರಕ್ಕೆ ನೆಂಟರನ್ನೆಲ್ಲ ಕರೆದಿದ್ದರು. ಅಂದು ಹಾಕಲು ರೇಷ್ಮೆಯ ಫ್ರಾಕು ಬೇಕು, ಅದೂ ಒಂಬತ್ತು ತಿಂಗಳ ಅಚ್ಚಿನಲ್ಲಿ. "ಆರರ ಅಂಗಿ ಆಗಲೇ ಮೈಗೆ ಕೂತಿದೆ ಕಣೆ" ಎಂದು ನನ್ನ ಮುಂದೆಯೇ ಇಬ್ಬರು ಹೆಂಗಸರಿಗೆ ಹೇಳಿದರು. ಕೂರಿಸಿದವಳು ನಾನು ಎಂದು ನನಗೆ ಗೊತ್ತಿತ್ತು. ಗಿರಾಕಿಗಳ ಮನೆಯ ಅತ್ತೆ-ಸೊಸೆಯರ ಗುಟ್ಟಿಗೆ ಬಾಯಿ ಹಾಕಬಾರದು ಎಂದು ಸೋದರತ್ತೆ ಕಲಿಸಿದ್ದರು. ಬಾಯಿ ಮುಚ್ಚಿಕೊಂಡು ರೇಷ್ಮೆ ಕತ್ತರಿಸಿದೆ.

ಮೂರನೆಯ ಸಲವೂ ಹಿಡಿದುಕೊಟ್ಟೆ. ಕುಮುದ ನಾಲ್ಕನೆಯ ಸಲ ಬಂದದ್ದು ಶಾಸ್ತ್ರಕ್ಕೆ ಎರಡು ದಿನ ಮುಂಚೆ. ಅಂಗಿಯನ್ನು ಕೈಗೆ ತೆಗೆದುಕೊಂಡ ನನ್ನನ್ನು ಏನೋ ತಡೆಯಿತು. ರಟ್ಟುಗಳ ಕಟ್ಟು ಬಿಚ್ಚಿ, ಅಂಗಿಯನ್ನು ಆರರ ಅಚ್ಚಿನ ಮೇಲೆ ಹಾಸಿದೆ. ಎರಡೂ ಪಕ್ಕೆಗಳ ಆಚೆ ರಟ್ಟು ಕಾಣಿಸಿತು. ಮೂರರ ಮೇಲೆ ಹಾಸಿದೆ, ಆಗಲೂ ಕಾಣಿಸಿತು. ಕೊನೆಗೆ ಒಂದು ತಿಂಗಳಿನ ರಟ್ಟಿಗೆ ಪಕ್ಕೆಗಳು ಸರಿಯಾಗಿ ಕೂತವು. ಇವಳು ಅದಕ್ಕಿಂತಲೂ ಒಂದು ಬೆರಳು ಕಡಿಮೆ ಕೇಳುತ್ತಿದ್ದಳು. ಮಗುವಿಗೆ ಆರನೆಯ ತಿಂಗಳು ನಡೆಯುತ್ತಿತ್ತು.

"ಕುಮುದಾ, ಮಗು ಏನು ಕುಡೀತದೆ?"

ಅವಳು ಬಾಗಿಲ ಕಡೆ ನೋಡಿದಳು.

"ನನ್ನ ಹತ್ತಿರ ಹಾಲಿಲ್ಲ. ಬಂದಾಗಿನಿಂದ ಕಡಿಮೆ ಆಗ್ತಾ, ಒಂದು ತಿಂಗಳಿಗೇ ನಿಂತಹಾಗಾಯ್ತು. ಎದೆಗೆ ಹಾಕ್ಕೊತೀನಿ, ಚೀಪ್ತದೆ, ಸುಸ್ತಾಗಿ ಮಲಗ್ತದೆ."

"ಹಸುವಿನ ಹಾಲು ಕೊಡೋಕೆ ಏನಾಗಿತ್ತು ನಿನಗೆ?"

"ನಮ್ಮತ್ತೆ ಮನೆತನದಲ್ಲಿ ಯಾರೂ ಹೊರಗಿನ ಹಾಲು ಕುಡಿದು ಬೆಳೆದೋರಲ್ವಂತೆ. ಬಂದೋರಿಗೆಲ್ಲ ಹಾಗೇ ಹೇಳ್ತಾರೆ. ಆರು ವರ್ಷ ಬಂಜೆ ಅನ್ನಿಸಿಕೊಂಡಿದ್ದೀನಿ ಟೈಲರಮ್ಮ. ಈಗ ಹಾಲಿಲ್ಲದೋಳು ಅಂತಲೂ ಅನ್ನಿಸಿಕೊಳ್ಳಲಾ?"

"ಅಳೋದಿಲ್ವೇನೆ ಅದು?"

"ಮೊದಮೊದಲು ಅಳ್ತಿತ್ತು. ಈಗ ಅಳಲ್ಲ. ಎಂಥಾ ಜಾಣೆ ಅಂತ ಎಲ್ಲರೂ ಹೊಗಳ್ತಾರೆ."

ಬಾಯಿಗೆ ಬಂದಹಾಗೆ ಬೈದೆ. ಡಾಕ್ಟರ ಹತ್ತಿರ ಈಗಲೇ ನಡಿ, ನಾನೂ ಬರುತ್ತೇನೆ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಾಡಿದ್ದು ಅನ್ನ ಮುಟ್ಟಿಸ್ತಾರೆ. ಆಮೇಲೆ ಗಂಜಿ, ಹಾಲು ಏನು ಕೊಟ್ಟರೂ ಯಾರೂ ಕೇಳೋರಿಲ್ಲ. ಎರಡೇ ದಿನ. ನಿಮ್ಮ ಕಾಲಿಗೆ ಬೀಳ್ತೀನಿ, ಹಿಡಿದುಕೊಡಿ."

ಹಿಡಿದುಕೊಟ್ಟೆ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಎಲ್ಲ ಗೊತ್ತಾದ ಮೇಲೆ ಹಾಕಿದ ಆ ನಾಲ್ಕನೆಯ ಸಾಲು ಉಳಿದ ಮೂರಕ್ಕಿಂತ ನೇರವಾಗಿತ್ತು. ಒಳಗಿನ ಬಟ್ಟೆ ಮಗುವಿಗೆ ಚುಚ್ಚಬಾರದೆಂದು ಮಡಿಸಿ ಕೈಹೊಲಿಗೆಯನ್ನೂ ಹಾಕಿದೆ. ಹಸಿದ ಮಗುವಿಗೆ ನಾನು ತೋರಿಸಿದ ಕರುಣೆ ಅಷ್ಟು.

ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ.

ಶಾಸ್ತ್ರದ ಬೆಳಿಗ್ಗೆ ಅವರ ಮನೆಯಿಂದ ನನಗೆ ಕರೆ ಬಂತು. ಫ್ರಾಕು ಹೆಗಲಿನಿಂದ ಜಾರುತ್ತಿದೆಯಂತೆ, ಸೂಜಿ ದಾರ ತಂದು ಎರಡು ಹೊಲಿಗೆ ಹಾಕಬೇಕಂತೆ. ಹೋದೆ. ನಡುಮನೆಯಲ್ಲಿ ಜಮಖಾನ ಹಾಸಿ ಹೆಂಗಸರು ತುಂಬಿಕೊಂಡಿದ್ದರು. ಬೆಳ್ಳಿಯ ಬಟ್ಟಲಲ್ಲಿ ಪಾಯಸ ಆರಲು ಇಟ್ಟಿದ್ದರು. ಸಾವಂತ್ರಮ್ಮನವರು ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು, ತೊಡೆಯ ಮೇಲೆ ನನ್ನ ರೇಷ್ಮೆಯ ಫ್ರಾಕು ಹರಡಿಕೊಂಡಿತ್ತು. ಹತ್ತಿರ ಹೋಗುವತನಕ ಮಗು ಕಾಣಲಿಲ್ಲ.

ಫ್ರಾಕಿನ ಒಳಗೆ ಹಳದಿ ಅಂಗಿ, ತಲೆಗೆ ಕುಲಾವಿ. ಎರಡರ ನಡುವೆ ಒಂದು ಮುದುಕಿಯ ಮುಖ. ಕಣ್ಣು ದೊಡ್ಡವಾಗಿ ನನ್ನನ್ನೇ ನೋಡುತ್ತಿದ್ದವು. ಈ ಮಗುವಿಗೆಂದು ನಾನು ಒಂದು ಅಂಗಿ, ಎರಡು ಕುಲಾವಿ, ಒಂದು ಫ್ರಾಕು ಹೊಲಿದಿದ್ದೆ. ಮಗುವನ್ನು ನೋಡಿದ್ದು ಅಂದೇ ಮೊದಲು. ಹೆಗಲು ಹಿಡಿಯಲೆಂದು ಫ್ರಾಕಿನೊಳಗೆ ಕೈ ಹಾಕಿದೆ. ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು.

"ಬೇಗ ಹಾಕು, ಹೊತ್ತು ಮೀರ್ತದೆ" ಎಂದರು ಸಾವಂತ್ರಮ್ಮನವರು.

ಸೂಜಿಯನ್ನು ಸೆರಗಿಗೆ ಚುಚ್ಚಿ ಇಟ್ಟೆ. ಫ್ರಾಕು ತೆಗೆದೆ. ಹಳದಿ ಅಂಗಿಯನ್ನೂ ತೆಗೆದು ಒಳಹೊರಗು ಮಾಡಿ ಎಲ್ಲರ ಮುಂದೆ ಜಮಖಾನದ ಮೇಲೆ ಎಸೆದೆ. ಹೆಗಲ ಮೇಲಿದ್ದ ಟೇಪನ್ನು ಎಳೆದು ಮಗುವಿನ ಎದೆಗೆ ಸುತ್ತಿದೆ. ನನ್ನ ಹಿಂದೆ ಯಾರೋ ಲೋಟ ಕೆಡವಿದರು.

"ಅಯ್ಯೋ, ಅಳೀಬೇಡಿ, ಅಳೀಬೇಡಿ" ಎಂದು ಎರಡು ಮೂರು ದನಿಗಳು.

"ಹದಿಮೂರು ಇಂಚು" ಎಂದೆ. "ಆಗತಾನೇ ಹುಟ್ಟಿದ ಮಗುವಿನ ಎದೆ ಇದು. ಅಳೆದರೆ ಬೆಳವಣಿಗೆ ನಿಲ್ತದೆ ಅಂತೀರಲ್ಲ, ಅಳೀದೇನೇ ನಿಂತಿದೆ ನೋಡಿ. ಇದಕ್ಕೆ ರೇಷ್ಮೆ ಬೇಡ, ಹಾಲು ಬೇಕು. ನಿಮ್ಮ ಮನೆತನದ ದೊಡ್ಡಸ್ತಿಕೆಗೆ ಈ ಮಗು ಉಪವಾಸ ಸಾಯಬೇಕೇನು ಅಮ್ಮೋರೆ?"

ಸಾವಂತ್ರಮ್ಮನವರು ನನ್ನ ಮಣಿಕಟ್ಟು ಹಿಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹತ್ತಿರಕ್ಕೆ ಎಳೆದುಕೊಂಡರು.

"ಮೆಲ್ಲಗೆ ಮಾತಾಡು" ಎಂದರು. ಆ ಗಟ್ಟಿ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ದಿನಾ ನನ್ನ ತೊಡೆ ಮೇಲೇ ಮಲಗೋ ಮಗು, ಭಾರ ತಿಳಿಯಲ್ವಾ ನನಗೆ? ಆ ಅಂಗಿ ಒಳಗಿನ ಹೊಲಿಗೇನೂ ಬೆರಳಿಗೆ ಸಿಕ್ಕಿತ್ತು."

"ಗೊತ್ತಿದ್ದೂ ದೊಡ್ಡ ಅಂಗಿ ಹೊಲಿಸಿದ್ರಾ?"

"ಊರವರ ಕಣ್ಣಿಗೆ ಮಗು ತುಂಬ್ಕೊಂಡು ಕಾಣಲಿ ಅಂತ. ಇವಳು ಆರು ವರ್ಷ ಮಾತು ಕೇಳಿದ್ದಾಳೆ. ನಿನಗೆ ಹಾಲಿಲ್ಲ ಕಣೆ ಅಂತ ನಾನೇ ಬಾಯಿಬಿಟ್ಟು ಅಂದ್ರೆ ಎದೆ ಒಡ್ಕೊಂಡುಬಿಡ್ತಾಳೆ. ಅವಳಾಗಿ ಬಂದು ಹೇಳಲಿ ಅಂತ ಕಾದೆ."

ಕುಮುದ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅತ್ತೆ ಸೊಸೆಯನ್ನು ನೋಡಿದರು, ಸೊಸೆ ಅತ್ತೆಯನ್ನು ನೋಡಿದಳು. ಅತ್ತೆಗೆ ತಿಳಿಯಬಾರದೆಂದು ಸೊಸೆ ಅಂಗಿ ಚಿಕ್ಕದು ಮಾಡಿಸುತ್ತಿದ್ದಳು. ಸೊಸೆ ನೋಯಬಾರದೆಂದು ಅತ್ತೆ ದೊಡ್ಡದು ಹೊಲಿಸುತ್ತಿದ್ದರು. ಇಬ್ಬರಿಗೂ ಹೊಲಿದವಳು ನಾನೊಬ್ಬಳೇ. ಕೇಳುವವರಿಗೆ ಇದು ಅಕ್ಕರೆಯ ಕತೆಯಂತೆ ಕಂಡೀತು. ನನಗೆ ಹಾಗೆ ಕಾಣಲಿಲ್ಲ. ಮೈಯೆಲ್ಲ ಬೆಂಕಿಯಾಯಿತು.

"ಚೆನ್ನಾಗಿದೆ" ಎಂದೆ. "ನೀವು ಅವಳ ಮರ್ಯಾದೆ ಕಾದಿರಿ, ಅವಳು ನಿಮ್ಮ ಮರ್ಯಾದೆ ಕಾದಳು. ಇದನ್ನ ಕಾದೋರು ಯಾರು?"

ಆಗ ಮೂಲೆಯಿಂದ ಒಬ್ಬಾಕೆ, "ಒಳಗೆ ಹಿಡಿದುಕೊಟ್ಟೋರು ಯಾರೋ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ಟೇಪು ಅಲ್ಲಿರಲಿಲ್ಲ, ಮಗುವಿನ ಎದೆಯ ಮೇಲೆ ಇತ್ತು.

ಪಾಯಸ ಹಾಗೆಯೇ ಉಳಿಯಿತು. ಮಗುವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮೂವರೂ ಆಸ್ಪತ್ರೆಗೆ ನಡೆದೆವು, ಮಗುವಿನ ತಂದೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಬಂದ. ಡಾಕ್ಟರು ವಯಸ್ಸಾದವರು. ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, ಮುಳ್ಳು ನಿಂತದ್ದನ್ನು ನೋಡಿ, ಕನ್ನಡಕ ತೆಗೆದು ನಮ್ಮನ್ನು ನೋಡಿದರು. "ಇನ್ನೊಂದು ವಾರ ಬಿಟ್ಟು ಬಂದಿದ್ರೆ ನಾನು ಮಾಡೋದು ಏನೂ ಇರ್ತಿರಲಿಲ್ಲ. ಮನೇಲಿ ಕಣ್ಣಿದ್ದೋರು ಯಾರೂ ಇರಲಿಲ್ವಾ?" ಎಂದರು. ಹನ್ನೆರಡು ದಿನ ಮಗು ಆಸ್ಪತ್ರೆಯಲ್ಲಿತ್ತು. ಒಂಬತ್ತನೆಯ ದಿನ ಹಾಲು ತಡವಾಯಿತೆಂದು ಅದು ಕಿರುಚಿ ಅತ್ತಾಗ, ಅತ್ತೆ ಸೊಸೆ ಇಬ್ಬರೂ ಮಂಚದ ಆಚೆಗೊಬ್ಬರು ಈಚೆಗೊಬ್ಬರು ಕುಳಿತು ತಾವೂ ಅತ್ತರು.

ಊರು ಸುಮ್ಮನಿರಲಿಲ್ಲ. ಶುಭದ ದಿನ ಮಗುವಿನ ಮೈಗೆ ಟೇಪು ಹಾಕಿದ ಮಾರಿ ಎಂದು ಹೆಂಗಸರು ನನ್ನ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಬುದ್ಧಿ ಹೇಳಿದವರೂ ಇದ್ದರು. ನನಗೆ ಪಶ್ಚಾತ್ತಾಪವಿರುವುದು ಆ ದಿನದ ಸಿಟ್ಟಿಗಲ್ಲ, ಅದಕ್ಕೂ ಮುಂಚಿನ ಎರಡು ದಿನದ ಸಮಾಧಾನಕ್ಕೆ. ಸೋದರತ್ತೆಯ ರಟ್ಟುಗಳನ್ನು ನೀರೊಲೆಗೆ ಹಾಕಿದೆ. ಅಂದಿನಿಂದ, ಮಗುವನ್ನು ಎತ್ತಿಕೊಂಡು ಬಂದರೆ ಹೊಲಿಯುತ್ತೇನೆ, ಇಲ್ಲದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತೇನೆ. ಕೆಲವರು ಬರುತ್ತಾರೆ, ಬಹಳ ಜನ ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ.

ಆಸ್ಪತ್ರೆಯಿಂದ ಬಂದ ತಿಂಗಳಿಗೆ ಕುಮುದ ಮಗುವನ್ನು ಎತ್ತಿಕೊಂಡು, ನಡುಹಗಲಲ್ಲಿ, ಎಲ್ಲರೂ ನೋಡುವ ಹಾಗೆ ಬೀದಿಯಲ್ಲಿ ನಡೆದು ಬಂದಳು. ಅದೇ ಹಳದಿ ಅಂಗಿ ಮಗುವಿನ ಮೈಮೇಲೆ ಬಿಗಿಯಾಗಿತ್ತು.

"ಒಂದು ಸಾಲು ಬಿಚ್ಚಿಕೊಡಿ ಟೈಲರಮ್ಮ."

ನಾಲ್ಕನೆಯ ಸಾಲನ್ನು ಮೊದಲು ಬಿಚ್ಚಿದೆ. ಮುಂದಿನ ಸಲ ಬಂದಾಗ ಮೂರನೆಯದು. ಎರಡನೆಯದನ್ನು ಬಿಚ್ಚುವಾಗ ಮಗು ಮೇಜಿನ ಮೇಲೆ ಕುಳಿತು ದಾರದ ಉಂಡೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಕೊನೆಯ ಸಾಲಿಗೆ ಸಾವಂತ್ರಮ್ಮನವರೇ ಬಂದರು. ಮಗುವಿಗೆ ಆಗ ವರ್ಷಕ್ಕೆ ಇನ್ನೂ ಒಂದು ತಿಂಗಳು ಕಡಿಮೆ ಇತ್ತು. ನಾನು ಟೇಪು ತೆಗೆದದ್ದನ್ನು ಅವರು ನೋಡಿದರು. ಮಗುವಿನ ಬೆನ್ನ ಹಿಂದಿನಿಂದ ಟೇಪಿನ ತುದಿಯನ್ನು ತಾವೇ ಹಿಡಿದು ನನ್ನ ಕೈಗೆ ಕೊಟ್ಟರು.

"ಎಷ್ಟು?" ಎಂದರು.

"ಹದಿನಾರೂವರೆ."

"ಇನ್ನೊಂದು ಸಲ ನೋಡು" ಎಂದರು. ಇನ್ನೊಂದು ಸಲ ನೋಡಿದೆ. ಹದಿನಾರೂವರೆಯೇ.

ಅಂಗಿಯನ್ನು ಅವರು ಅಲ್ಲಿಯೇ ಬಿಟ್ಟು ಹೋದರು, ನಾನು ಮೊಳೆಗೆ ಹಾಕಿದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಂದಾಗ ಆ ತೂತುಗಳಲ್ಲಿ ಹಾದು ಹಿಂದಿನ ಗೋಡೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ಎಷ್ಟು ಸಲ ತೊಳೆದರೂ ಆ ತೂತುಗಳು ಮುಚ್ಚಿಕೊಳ್ಳಲಿಲ್ಲ. ಮೂರು ಸಾಲು ಸ್ವಲ್ಪ ಸೊಟ್ಟಗಿವೆ, ನಾಲ್ಕನೆಯದು ನೇರವಾಗಿದೆ.