ನಲವತ್ತು ಮತ್ತು ಕೊಸರು

ಜಮೈಕಾದ ಕಿಂಗ್‌ಸ್ಟನ್ನಿನಿಂದ ಬಂದ ಇಮೇಲನ್ನು ಮೂರು ಸಲ ಓದಿದೆ. ಮೂರನೆಯ ಸಲವೂ ಅದು ಅದನ್ನೇ ಹೇಳಿತು. ನಮ್ಮ ಕಪ್ಪು ಸಾಬೂನಿನ ನೂರೈವತ್ತು ಪೆಟ್ಟಿಗೆಗಳನ್ನು ಸುಂಕದವರು ತಡೆದಿದ್ದಾರೆ. ನಾವು ಸರಕಿನ ಜೊತೆ ಕಳಿಸಿದ ಪಟ್ಟಿಯ ಪ್ರಕಾರ ಪೆಟ್ಟಿಗೆಗೆ ನಲವತ್ತು ಸಾಬೂನು. ತೆರೆದ ಮೊದಲ ಪೆಟ್ಟಿಗೆಯಲ್ಲಿ ನಲವತ್ತೆರಡಿದ್ದವು, ಎರಡನೆಯದರಲ್ಲಿ ನಲವತ್ತೊಂದು, ಮೂರನೆಯದರಲ್ಲಿ ನಲವತ್ತನಾಲ್ಕು. ಶುಕ್ರವಾರದೊಳಗೆ ತಿದ್ದಿದ ಪಟ್ಟಿ ಬರದಿದ್ದರೆ ಸರಕು ವಾಪಸ್.

ವಾಪಸ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಘಾನಾಕ್ಕೂ ಜಮೈಕಾಕ್ಕೂ ನಡುವೆ ಇರುವುದು ಒಂದು ಸಮುದ್ರ ಮಾತ್ರ ಎಂದು, ಎರಡು ದೇಶಗಳ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದ ದಿನ ಅಕ್ರಾದಲ್ಲಿ ಮಂತ್ರಿಯೊಬ್ಬರು ಭಾಷಣ ಮಾಡಿದ್ದರು. ಆ ಸಮುದ್ರವನ್ನು ನೇರವಾಗಿ ದಾಟುವ ಹಡಗು ನಮಗೆ ಸಿಕ್ಕಿರಲಿಲ್ಲ. ನಮ್ಮ ಸಾಬೂನು ತೇಮಾ ಬಂದರಿನಿಂದ ಹೊರಟು, ಜಮೈಕಾಕ್ಕೆ ಬೆನ್ನು ತಿರುಗಿಸಿ ಬೆಲ್ಜಿಯಮ್ಮಿಗೆ ಹೋಗಿ, ಅಲ್ಲಿ ಹದಿನೆಂಟು ದಿನ ಚಳಿಯಲ್ಲಿ ಕೂತು, ಇನ್ನೊಂದು ಹಡಗು ಹಿಡಿದಿತ್ತು. ಒಟ್ಟು ಐವತ್ತೆರಡು ದಿನ. ಇದು ಸರಿಯಾಗಿ ಬಂದರೆ ತಿಂಗಳಿಗೊಂದು ಆರ್ಡರ್ ಕೊಡುತ್ತೇನೆ ಎಂದು ಕಿಂಗ್‌ಸ್ಟನ್ನಿನಲ್ಲಿ ಕೊಳ್ಳುವ ಮಿಸ್ ಅಯೋನಿ ಮಾತು ಕೊಟ್ಟಿದ್ದರು. ಸುಹುಮ್ ಊರಿನ ನಮ್ಮ ಸಾಬೂನು ಸಂಘದ ಇಪ್ಪತ್ತೆರಡು ಹೆಂಗಸರು ಆ ಮಾತನ್ನು ನಂಬಿಕೊಂಡು ಕೂತಿದ್ದರು. ನಾನು ಅವರ ಕಾರ್ಯದರ್ಶಿ. ಓದಿದವಳು ಎನ್ನುವ ಒಂದೇ ಅಪರಾಧಕ್ಕೆ.

ಷೆಡ್ಡಿಗೆ ಹೋದೆ. ಕೋಕೋ ಕಾಯಿಯ ಸಿಪ್ಪೆ ಸುಟ್ಟ ಬೂದಿಯನ್ನು ಸಾಬೂನಿಗೆಂದು ಮಾಮೆ ಓಫೋರಿವಾ ಜರಡಿ ಹಿಡಿಯುತ್ತಿದ್ದಳು. ಸಂಘದ ಹಿರಿಯಳು ಅವಳೇ, ಅದಕ್ಕೇ ಎಲ್ಲರಿಗೂ ಮಾಮೆ, ಅಂದರೆ ಅಮ್ಮ. ಪೆಟ್ಟಿಗೆ ತುಂಬಿಸಿದ್ದೂ ಅವಳ ಉಸ್ತುವಾರಿಯಲ್ಲೇ.

"ಮಾಮೆ, ಪೆಟ್ಟಿಗೆಗೆ ಎಷ್ಟು ಹಾಕಿದ್ರಿ?"

"ನಲವತ್ತು. ನೀನೇ ತಾನೆ ಹೇಳಿದ್ದು?"

"ನಲವತ್ತೇನಾ?"

"ನಲವತ್ತು. ಆಮೇಲೆ ಕೊಸರು."

ನಾನು ಬೂದಿಯ ಮೂಟೆಯ ಮೇಲೆ ಕುಸಿದು ಕೂತೆ.

"ಕೊಸರು ಯಾಕೆ ಹಾಕಿದ್ರಿ?"

"ಯಾಕೆ ಅಂದ್ರೆ? ಟೊಮೇಟೊ ತಗೊಂಡ್ರೆ ಮೇಲೆರಡು ಹಾಕಲ್ವಾ? ಅಷ್ಟು ದೂರದಿಂದ ಮೊದಲನೇ ಸಲ ಕೇಳಿದಾಳೆ ಆ ಹೆಂಗಸು. ಬೋಳು ನಲವತ್ತು ಕಳಿಸಿದ್ರೆ ನಮ್ಮನ್ನ ಏನಂದ್ಕೋತಾಳೆ?"

"ಸರಿ, ಯಾವ ಪೆಟ್ಟಿಗೆಗೆ ಎಷ್ಟು ಕೊಸರು? ಅದಾದ್ರೂ ಹೇಳಿ. ಬರೆದು ಕಳಿಸ್ತೀನಿ."

ಮಾಮೆ ಜರಡಿ ಕೆಳಗಿಟ್ಟಳು. ಎಣ್ಣೆ ಅಳೆಯುವ ಕೊನಾಡು ಆಗಲೇ ಬಾಯಿಗೆ ಬಟ್ಟೆಯ ತುದಿ ಒತ್ತಿಕೊಂಡು ನಗುತ್ತಿದ್ದಳು.

"ಕೊಸರನ್ನ ಯಾರಾದ್ರೂ ಎಣಿಸ್ತಾರೇನೇ? ಎಣಿಸಿದ್ರೆ ಅದು ಕೊಸರು ಹೇಗಾಗುತ್ತೆ? ಕೈಗೆ ಬಂದಷ್ಟು. ಕೊನಾಡು ಜಿಪುಣಿ, ಒಂದು ಹಾಕಿರ್ತಾಳೆ. ನಾನು ನಾಲ್ಕು ಹಾಕಿರ್ತೀನಿ."

"ನಾಲ್ಕಕ್ಕಿಂತ ಜಾಸ್ತಿ ಯಾರೂ ಹಾಕಿಲ್ಲ ತಾನೆ?"

"ಹಾಕೋಕೆ ಪೆಟ್ಟಿಗೇಲಿ ಜಾಗ ಎಲ್ಲಿತ್ತು? ನೀನು ತಂದಿದ್ದು ಚಿಕ್ಕ ಪೆಟ್ಟಿಗೆ."

ತಪ್ಪು ಕೊನೆಗೆ ನನ್ನದೇ ಆಯಿತು.

ಮಧ್ಯಾಹ್ನ ಒಂದು ಗಂಟೆಗೆ ಕಿಂಗ್‌ಸ್ಟನ್ನಿನಲ್ಲಿ ಬೆಳಿಗ್ಗೆ ಎಂಟು. ಮಿಸ್ ಅಯೋನಿಯ ಪರವಾಗಿ ಬಂದರಿನಲ್ಲಿ ಸರಕು ಬಿಡಿಸುವ ಏಜೆಂಟ್ ಟಲ್ಲಕ್ ಎನ್ನುವವರಿಗೆ ಫೋನ್ ಮಾಡಿದೆ. ಮಾಮೆಯೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಇಬ್ಬರಿಗೂ ಇಂಗ್ಲಿಷು ಬರುತ್ತಿತ್ತು, ಇಬ್ಬರ ಇಂಗ್ಲಿಷೂ ಬೇರೆ ಬೇರೆ. ನಡುವೆ ನಾನು.

"ಅಲ್ಲಪ್ಪಾ," ಎಂದಳು ಮಾಮೆ, ಪೀಠಿಕೆಯಿಲ್ಲದೆ. "ನಿಮ್ಮಮ್ಮ ಯಾವತ್ತೂ ಸಂತೆಗೆ ಹೋಗೇ ಇಲ್ವಾ?"

"ನಮ್ಮಮ್ಮ ಮೂವತ್ತು ವರ್ಷ ಸಂತೇಲಿ ಗೆಣಸು ಮಾರಿದವಳು, ಅಮ್ಮಾ. ಕೊಸರು ಕೊಡದೆ ಒಬ್ಬರನ್ನೂ ಕಳಿಸ್ತಿರಲಿಲ್ಲ. ನಾವು ಅದನ್ನ ಬ್ರಾಟಾ ಅಂತೀವಿ."

"ನೋಡಿದ್ಯಾ!" ಮಾಮೆ ನನ್ನ ತೊಡೆಗೆ ಹೊಡೆದಳು. "ಅವನಿಗೆ ಗೊತ್ತು! ಹಾಗಾದ್ರೆ ಬಿಡಿಸಪ್ಪಾ."

"ಗೊತ್ತು ಅಮ್ಮಾ. ತಡೆದ ಅಧಿಕಾರಿಗೂ ಗೊತ್ತು. ಫಾರ್ಮಿಗೆ ಗೊತ್ತಿಲ್ಲ."

ಆಮೇಲೆ ಟಲ್ಲಕ್ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು. ಬರೆದದ್ದಕ್ಕಿಂತ ಹೆಚ್ಚಿದ್ದರೆ ಕಳ್ಳಸಾಗಣೆ. ಬರೆದದ್ದಕ್ಕಿಂತ ಕಡಿಮೆ ಇದ್ದರೆ ಬರೀ ಪೆದ್ದುತನ. ಪೆದ್ದುತನಕ್ಕೆ ಎಚ್ಚರಿಕೆಯ ಕಾಗದ ಮಾತ್ರ. ಪಟ್ಟಿಯನ್ನು ಒಂದು ಸಲ ತಿದ್ದಬಹುದು. ಎಲ್ಲ ಪೆಟ್ಟಿಗೆಗೂ ನಲವತ್ತನಾಲ್ಕು ಎಂದು ಬರೆದುಬಿಡಿ, ಹೆಚ್ಚಿನ ಸುಂಕ ಮಿಸ್ ಅಯೋನಿ ಕಟ್ಟುತ್ತಾರಂತೆ, ಕೆಳಗೆ ಪ್ಯಾಕ್ ಮಾಡಿಸಿದವರ ಸಹಿ ಇರಲಿ.

ಫೋನ್ ಇಟ್ಟಮೇಲೆ ಅಲ್ಲೇ ಬರೆದು ಮುಗಿಸಿದೆ. ಪೆನ್ನು ಮಾಮೆಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಅಂದ್ರೆ ಅವರು ಎಲ್ಲಾನೂ ಎಣಿಸ್ತಾರೆ."

"ಎಣಿಸ್ತಾರೆ."

"ಕೊನಾಡು ಪೆಟ್ಟಿಗೇಲಿ ನಲವತ್ತೊಂದು ಸಿಗುತ್ತೆ. ಆಗ ಓಫೋರಿವಾ ಮೂರು ಕಡಿಮೆ ಕೊಟ್ಟಳು ಅಂತ ಬರೀತಾರೆ."

"ಕಾಗದದಲ್ಲಿ ಮಾತ್ರ, ಮಾಮೆ."

"ಐವತ್ತು ವರ್ಷದಿಂದ ಮಾರ್ತಿದೀನಿ. ಕಡಿಮೆ ಅಳೆದಳು ಅಂತ ನಾಯಿ ಕೂಡ ನನ್ನ ನೋಡಿ ಬೊಗಳಿಲ್ಲ. ಕೊಟ್ಟಿದ್ದು ಹೆಚ್ಚು. ಈಗ ಕಡಿಮೆ ಕೊಟ್ಟೆ ಅಂತ ನಾನೇ ಸಹಿ ಹಾಕ್ಬೇಕಾ? ಇದ್ಯಾವ ಸೀಮೆ ವ್ಯಾಪಾರ ಕಣೇ?"

"ಹಾಕದಿದ್ರೆ ಸಾಬೂನು ವಾಪಸ್ ಬರುತ್ತೆ. ಬೆಲ್ಜಿಯಮ್ ಮೇಲೆ!"

"ಬರಲಿ."

"ತಿಂಗಳಿಗೊಂದು ಆರ್ಡರ್ ಹೋಗುತ್ತೆ. ಇವರೆಲ್ಲಾ ಏನು ಮಾಡ್ಬೇಕು?"

ಮಾಮೆ ಸುತ್ತಲಿದ್ದವರನ್ನು ನೋಡಿದಳು. ಯಾರೂ ಬೂದಿ ಕಲಸುತ್ತಿರಲಿಲ್ಲ. ಅವಳ ದವಡೆ ಒಂದೆರಡು ಸಲ ಆಡಿತು. ಅವಳಿಗೆ ಹೆಸರಿನ ಮಾತು ಆಟವಲ್ಲ ಎಂದು ನನಗೆ ಆಗ ತಿಳಿಯಿತು. ತಿಳಿದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ.

"ನೀನು ಹಾಕು," ಎಂದಳು.

"ನಾನು ಒಂದು ಪೆಟ್ಟಿಗೆನೂ ಮುಟ್ಟಿಲ್ಲ!"

"ನಿನ್ನ ಹೆಸರೇ ಹಾಳಾಗಲಿ. ಚಿಕ್ಕವಳು, ಸರಿ ಮಾಡ್ಕೊಳ್ಳೋಕೆ ಟೈಮಿದೆ. ನನಗೆಲ್ಲಿದೆ?"

ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ನನ್ನ ಹೆಸರನ್ನೇ ಬರೆದೆ: ಪ್ಯಾಕ್ ಮಾಡಿಸಿದವರು, ಅಡೋಬಿಯಾ. ಪೆನ್ನು ಎರಡು ಕಡೆ ಕಾಗದವನ್ನು ತೂತು ಮಾಡಿತು.

ಒಂಬತ್ತು ದಿನಗಳ ನಂತರ ಸರಕು ಬಿಡುಗಡೆಯಾಯಿತು. ಟಲ್ಲಕ್ ಕಳುಹಿಸಿದ ಸುಂಕದವರ ಕಾಗದವನ್ನು ಷೆಡ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಬರೆದದ್ದು ಆರು ಸಾವಿರದ ಆರುನೂರು, ಸಿಕ್ಕಿದ್ದು ಆರು ಸಾವಿರದ ಮುನ್ನೂರ ಇಪ್ಪತ್ತೊಂಬತ್ತು. ಇನ್ನೂರ ಎಪ್ಪತ್ತೊಂದು ಕಡಿಮೆ. ಪ್ಯಾಕ್ ಮಾಡಿಸಿದ ಅಡೋಬಿಯಾ ಅವರು ಇನ್ನು ಮುಂದೆ ಎಚ್ಚರ ವಹಿಸತಕ್ಕದ್ದು. ಅದರ ಜೊತೆಗೆ ಮಿಸ್ ಅಯೋನಿಯ ಎರಡನೆಯ ಆರ್ಡರ್.

ಆರ್ಡರ್ ಎಂದ ಕೂಡಲೇ ಚಪ್ಪಾಳೆ, ಕುಣಿತ. ಅದು ತಣ್ಣಗಾದ ಮೇಲೆ ಕೊನಾಡು ಹತ್ತಿರ ಬಂದಳು.

"ಇನ್ನೂರ ಎಪ್ಪತ್ತೊಂದು! ಅಷ್ಟೊಂದು ಹೇಗೆ ಕಡಿಮೆ ಹಾಕಿದ್ಯೇ?"

"ಕೊನಾಡು, ತುಂಬಿದ್ದು ನೀನು. ನಾನು ಮುಟ್ಟೇ ಇಲ್ಲ."

"ನಾನು ಒಂದಾದ್ರೂ ಕೊಸರು ಹಾಕಿದೀನಪ್ಪ. ಕಾಗದದಲ್ಲಿ ನಿನ್ನ ಹೆಸರೇ ತಾನೆ ಇರೋದು?"

ಎರಡು ಮೂರು ತಲೆಗಳು ನನ್ನ ಕಡೆ ತಿರುಗಿದವು. ಆ ನೋಟದಲ್ಲಿ ನಿಜವಾಗಿಯೂ ಸ್ವಲ್ಪ ಅನುಮಾನವಿತ್ತು. ನಾನು ಮಾಮೆಯ ಕಡೆ ನೋಡಿದೆ. ಒಂದು ಮಾತು ಹೇಳಿದರೆ ಸಾಕಿತ್ತು.

"ಬಿಡ್ರೇ," ಎಂದಳು ಮಾಮೆ, ಬೂದಿಯಿಂದ ಕಣ್ಣೆತ್ತದೆ. "ಇನ್ನೂ ಚಿಕ್ಕವಳು. ಕಲೀತಾಳೆ."

ಹೊರಗೆ ಬಂದು ಹೊಸ ಆರ್ಡರಿನ ಹಾಳೆ ಬಿಡಿಸಿದೆ. ಟಲ್ಲಕ್ ನನಗೆ ಉಪಕಾರ ಮಾಡಲು ಹೋಗಿ, ಪ್ಯಾಕ್ ಮಾಡಿಸುವವರ ಜಾಗದಲ್ಲಿ ನನ್ನ ಹೆಸರನ್ನು ಮೊದಲೇ ಅಚ್ಚು ಹಾಕಿಸಿ ಕಳುಹಿಸಿದ್ದರು.